ನೆರೆ ಬಂತು: ಒಂದು ಬಿಳಿ ಕೂದಲಿನ ಹಿಂದಿನ ಕಥೆ

ಭಾಗ 1

ಫೋಟೋದಾಗ ಕಾಣೋದು ದಾರ ಅಲ್ಲ. ನನ್ನ ಕೂದಲು. ಕಾಸ್ಟ್ ಅಕೌಂಟಿಂಗ್ ನೋಟ್‌ಬುಕ್ಕಿನ ನೀಲಿ ಗೆರೆ ಮ್ಯಾಲ ಇಟ್ಟು ತೆಗೆದದ್ದು. ಝೂಮ್ ಮಾಡಿದ್ರೆ ಬುಡದಿಂದ ತುದಿತನಕ ಬಿಳಿ ಅಂತ ಗೊತ್ತಾಗ್ತದೆ.

ಹೋದ ಭಾನುವಾರ ದೇವದುರ್ಗದ ಮನೆಯಲ್ಲಿ ಅವ್ವ ತಲೆಗೆ ಎಣ್ಣೆ ಹಚ್ಚತಿದ್ದಳು. ನಾನು ಮೊಬೈಲ್ ನೋಡ್ತಾ ಕೂತಿದ್ದೆ. ಒಮ್ಮಿಗೇ ಅವ್ವನ ಕೈ ನಿಂತಿತು, ಮಾತೂ ನಿಂತಿತು.

"ಹೇನೇನಬೇ?" ಅಂದೆ.

"ಸುಮ್ನ ಕೂಡು" ಅಂದು ಬಲಗಿವಿ ಹಿಂದ ಚಟ್ ಅಂತ ಒಂದು ಕಿತ್ತಳು. ಅಂಗೈ ಮ್ಯಾಲ ಇಟ್ಟುಕೊಂಡು ಬಾಗಿಲ ಬೆಳಕಿಗೆ ಹಿಡಿದಳು. ಆಮೇಲೆ ಸಣ್ಣ ದನಿಯಲ್ಲಿ ಅಂದಳು: "ಅಪ್ಪಗ ಹೇಳಬ್ಯಾಡ. ಯಾರ ಮುಂದೂ ಹೇಳಬ್ಯಾಡ."

ಯಾರ ಮುಂದೂ ಹೇಳಬ್ಯಾಡ ಅಂದದ್ದನ್ನ ನಿಮಗೆಲ್ಲ ಹೇಳಾಕತ್ತೀನಿ. ಅವ್ವ ಈ ಆ್ಯಪ್‌ನಾಗ ಇಲ್ಲ. ಚಿಗವ್ವ ಇದ್ದಾಳೆ. ಚಿಗವ್ವ, ಓದಿದ್ರೆ ಓದು, ಫೋನ್ ಮಾತ್ರ ಹಚ್ಚಬ್ಯಾಡ.

ನನಗೆ 20 ವರ್ಷ. ಮೊದಲ ದಿನ ಕನ್ನಡಿ ಮುಂದೆ ನಿಂತು ಇನ್ನೂ ಎಷ್ಟು ಅದಾವ ಅಂತ ಹುಡುಕಿದೆ. ಎರಡು ಸಿಕ್ಕವು. ಎರಡನೇ ದಿನ ಬ್ಯಾರೆ ವಿಚಾರ ಬಂತು. ನನಗಿಂತ ಮೊದಲು ಈ ಒಂದು ಕೂದಲು ಯಾರ್‍ಯಾರಿಗೆ ಸಿಕ್ಕಿತ್ತು? ಸಿಕ್ಕಾಗ ಅವರು ಏನು ಮಾಡಿದ್ರು? ಹುಡುಕ್ತಾ ಹೋದ್ರೆ ನಮ್ಮ ಮಾನ್ವಿ, ದೇವದುರ್ಗದ ತನಕ ಬಂತು. ಕೋಟೆ ಸೀರೀಸ್ ಮುಗಿದ ಮೇಲೆ ಏನು ಹಾಕ್ತೀ ಅಂತ ಕೇಳಿದ್ರಲ್ಲ, ಇದು ಹಾಕ್ತೀನಿ.

ಭಾಗ 2

ಮೊದಲು ಹೆಸರಿನ ಗೊಂದಲ ಮುಗಿಸೋಣ.

ನಮ್ಮ ಕಡೆ ಮಂದಿ "ತಲಿ ಹಣ್ಣಾಗೇದ" ಅಂತಾರೆ. ಪುಸ್ತಕದ ಕನ್ನಡದಲ್ಲಿ ನರೆ, ಅಥವಾ ನೆರೆ. ಹಳೆಗನ್ನಡದವರು ನರೆ ಅಂತಲೇ ಬರೀತಿದ್ರು, ತಮಿಳಿನಲ್ಲಿ ಇವತ್ತಿಗೂ ನರೈ. ಚಿಕ್ಕ ವಯಸ್ಸಿನಲ್ಲಿ ಬಂದ್ರೆ ಬಾಲನೆರೆ. ಅಂದ್ರೆ ನನಗೆ ಬಂದದ್ದಕ್ಕೆ ಕನ್ನಡದಲ್ಲಿ ಮೊದಲೇ ಒಂದು ಹೆಸರಿತ್ತು. ಅಷ್ಟು ಮಂದಿಗೆ ಬಂದಿರದೇ ಹೆಸರು ಹುಟ್ಟೋದಿಲ್ಲ. ಇದನ್ನ ಓದಿ ಸ್ವಲ್ಪ ಸಮಾಧಾನ ಆಯ್ತು, ಸುಳ್ಳು ಯಾಕೆ ಹೇಳ್ಲಿ.

ಆದ್ರೆ ರಾಯಚೂರು ಜಿಲ್ಲೆಯಲ್ಲಿ ನೆರೆ ಅಂದ್ರೆ ಮೊದಲು ತಲೆಗೆ ಬರೋದು ನೀರು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ. ಆ ಕಡೆ ಕೃಷ್ಣಾ, ಈ ಕಡೆ ತುಂಗಭದ್ರಾ, ನಡುವೆ ನಾವು. ಆಗ ನಾನು ನಾಲ್ಕು ವರ್ಷದಾಕಿ, ನೆನಪಿಲ್ಲ. ದೊಡ್ಡವರ ಮಾತಿನಲ್ಲಿ ಮಾತ್ರ ಆ ವರ್ಷ ಇನ್ನೂ ಒಣಗಿಲ್ಲ. ಕಾಲೇಜಿನಲ್ಲಿ ಗೆಳತಿಗೆ ಮೆಲ್ಲಗೆ "ನಂಗ ನೆರೆ ಬಂದದ ಲೇ" ಅಂದ್ರೆ ಅವಳು ತಲೆ ಎತ್ತದೇ ಕೇಳಿದ್ಲು: "ಪರಿಹಾರ ಎಷ್ಟು ಬಂತು?"

ಕ್ಲಾಸ್ ಪೂರ್ತಿ ಗೊತ್ತಾದದ್ದು ಹೀಗೆ. ಅವಳು ನಕ್ಕಳು, ನಾನೂ ನಕ್ಕೆ, ಮುಂದಿನ ಬೆಂಚಿನವರು ಯಾಕೆ ಅಂತ ಕೇಳಿದ್ರು.

ಭಾಗ 3

ಈ ವಿಷಯದ ಅತ್ಯಂತ ಹಳೆಯ ಕಥೆಗಳಲ್ಲಿ ಒಂದು ಬೌದ್ಧರ ಜಾತಕದಲ್ಲಿದೆ. ಮಿಥಿಲೆಯಲ್ಲಿ ಮಖಾದೇವ ಅಂತ ರಾಜ. ತನ್ನ ಕ್ಷೌರಿಕನಿಗೆ ಹೇಳಿಟ್ಟಿದ್ದ: ತಲೆಯಲ್ಲಿ ಬಿಳಿ ಕೂದಲು ಕಂಡ ದಿನ ನನಗೆ ಹೇಳು. ಎಷ್ಟೋ ವರ್ಷ ಆದ ಮೇಲೆ ಒಂದು ದಿನ ಕಂಡಿತು. ರಾಜ ಅದನ್ನ ಬಂಗಾರದ ಚಿಮುಟದಿಂದ ಕೀಳಿಸಿ ಅಂಗೈ ಮೇಲೆ ಇಡಿಸಿಕೊಂಡ. ನೋಡಿದ. ಮಗನನ್ನ ಕರೆಸಿ ರಾಜ್ಯ ಒಪ್ಪಿಸಿದ. ಹೇಳಿದ ಕ್ಷೌರಿಕನಿಗೆ ಒಂದು ಊರಿನ ಉತ್ಪನ್ನವನ್ನೇ ಬಿಟ್ಟುಕೊಟ್ಟ. ತಾನು ಮಾವಿನ ತೋಪಿಗೆ ಹೋಗಿ ಸನ್ಯಾಸಿ ಆದ.

ಕಥೆಯ ಪ್ರಕಾರ ಅವನಿಗೆ ಇನ್ನೂ 84,000 ವರ್ಷ ಆಯುಷ್ಯ ಬಾಕಿ ಇತ್ತು. ಬರೆದವರು ಲೆಕ್ಕದಲ್ಲಿ ಕಂಜೂಸಿ ಮಾಡಿಲ್ಲ. ಅಷ್ಟು ಬಾಕಿ ಇದ್ರೂ ಒಂದು ಕೂದಲು ಸಾಕಾಯ್ತು ಅನ್ನೋದೇ ಅವರ ಮಾತು. ಮಗನಿಗೂ ಅದೇ ಹೇಳಿದ: ನಿನ್ನ ತಲೆಯಲ್ಲಿ ಕಂಡ ದಿನ ನೀನೂ ಇಳಿ.

ಇದು ಬರೀ ಬಾಯಿಮಾತಿನ ಕಥೆಯಾಗಿ ಉಳೀಲಿಲ್ಲ. ಮಧ್ಯಪ್ರದೇಶದ ಭಾರ್ಹುತ್ ಸ್ತೂಪದಲ್ಲಿ, ಕ್ರಿಸ್ತಪೂರ್ವ 2ನೇ ಶತಮಾನದ ಹೊತ್ತಿಗೆ ಇದನ್ನ ಕಲ್ಲಿನಲ್ಲಿ ಕೆತ್ತಿದ್ದಾರೆ. ಕೂತ ರಾಜ, ಪಕ್ಕದಲ್ಲಿ ಕ್ಷೌರಿಕ, ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಕಥೆಯ ಹೆಸರು. ನಾವು ಈಗ ಫೋಟೋಕ್ಕೆ ಕ್ಯಾಪ್ಷನ್ ಹಾಕ್ತೀವಲ್ಲ, ಹಾಗೇ. ಭಾರ್ಹುತ್‌ನ ಬಹಳಷ್ಟು ಶಿಲ್ಪಗಳು ಈಗ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿವೆ.

ಆ ಬ್ರಾಹ್ಮಿ ಅಕ್ಷರ ನೋಡೋಕೆ ಕೋಲ್ಕತ್ತಕ್ಕೇ ಹೋಗಬೇಕು ಅಂತಿಲ್ಲ. ನಮ್ಮ ಮಸ್ಕಿಯ ಬಂಡೆ ಮೇಲೆ ಅಶೋಕ ಬರೆಸಿದ್ದು ಅದೇ ಲಿಪಿಯಲ್ಲಿ, ಭಾರ್ಹುತ್‌ಗಿಂತ ನೂರು ವರ್ಷಕ್ಕೂ ಮೊದಲು. 1915ರಲ್ಲಿ ಬೀಡನ್ ಅನ್ನೋ ಗಣಿ ಎಂಜಿನಿಯರ್ ಕಣ್ಣಿಗೆ ಬಿದ್ದ ಶಾಸನ ಅದು. ದೇವಾನಾಂಪ್ರಿಯ ಅಂದ್ರೆ ಅಶೋಕನೇ ಅಂತ ಹೆಸರು ಹಿಡಿದು ಹೇಳಿದ ಮೊದಲ ಸಾಕ್ಷಿ. ಬುದ್ಧನ ಮಾತು ನಮ್ಮ ಜಿಲ್ಲೆಗೆ ಅಷ್ಟು ಹಿಂದೆಯೇ ಬಂದಿತ್ತು. ಅದರ ಜೊತೆ ಈ ಕಥೆಯೂ ಬಂದಿತ್ತೋ ಇಲ್ಲವೋ, ನಾನು ಬಂತು ಅಂದ್ರೆ ನೀವು ನಂಬಬಾರದು.

ಒಂದು ಮಾತು ಗಮನಿಸಿ. ಆ ಕೂದಲನ್ನ ರಾಜ ತಾನೇ ಕಾಣಲಿಲ್ಲ. ತಲೆ ಮುಟ್ಟೋ ಕೆಲಸದವನು ಕಂಡ. ನನ್ನದನ್ನ ಅವ್ವ ಕಂಡಳು. ಅವ್ವನ ಹತ್ತಿರ ಬಂಗಾರದ ಚಿಮುಟ ಇರಲಿಲ್ಲ, ನನ್ನ ಹತ್ತಿರ ಕೊಡೋಕೆ ಊರೂ ಇರಲಿಲ್ಲ.

ಭಾಗ 4

ಈಗ ಮನೆ ಹತ್ತಿರಕ್ಕೆ ಬರೋಣ. ಕಲಬುರಗಿ ಜಿಲ್ಲೆ, ಸೇಡಂ ತಾಲ್ಲೂಕು, ಕಾಗಿಣಾ ದಂಡೆಯ ಮಳಖೇಡ. ಇವತ್ತು ಊರ ಹೆಸರು ಹೇಳಿದ್ರೆ ಸಿಮೆಂಟ್ ನೆನಪಾಗ್ತದೆ. 9-10ನೇ ಶತಮಾನದಲ್ಲಿ ಅದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ, ಆಗ ರಾಯಚೂರು ಸೀಮೆಯೂ ಅವರದೇ.

ಆ ಕಾಲದ ಜೈನ ಕವಿಗಳಿಗೆ ಯಶೋಧರ ಅನ್ನೋ ರಾಜನ ಕಥೆ ಹುಚ್ಚು ಹಿಡಿಸಿತ್ತು. ರಾಷ್ಟ್ರಕೂಟರ ಸಾಮಂತರ ಆಶ್ರಯದಲ್ಲಿ ಸೋಮದೇವಸೂರಿ 959ರಲ್ಲಿ ಸಂಸ್ಕೃತದಲ್ಲಿ ಬರೆದ. ಮಾನ್ಯಖೇಟದಲ್ಲೇ ಕೂತು ಪುಷ್ಪದಂತ ಅಪಭ್ರಂಶ ಭಾಷೆಯಲ್ಲಿ ಬರೆದ. 11ನೇ ಶತಮಾನದಲ್ಲಿ ಚಾಲುಕ್ಯ ಜಯಸಿಂಹನ ಕಾಲದ ವಾದಿರಾಜ ಸಂಸ್ಕೃತದಲ್ಲಿ ಮತ್ತೆ ಬರೆದ. ಕೊನೆಗೆ 1209ರಲ್ಲಿ, ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಜನ್ನ ಕನ್ನಡದಲ್ಲಿ 'ಯಶೋಧರ ಚರಿತೆ' ಬರೆದ. ಆರ್ಟ್ಸ್‌ನವರಿಗೆ ಇದು ಪಠ್ಯ, ನಾನು ಅವರ ಹತ್ತಿರ ಬುಕ್ ಇಸ್ಕೊಂಡು ಬಂದೆ.

ಎಲ್ಲರಿಗೂ ಗೊತ್ತಿರೋದು ರಾಣಿ ಅಮೃತಮತಿ, ಮಾವುತ ಅಷ್ಟಾವಂಕ, ಹಿಟ್ಟಿನ ಕೋಳಿ ಇವೇ. ಆದ್ರೆ ಅದೆಲ್ಲ ಶುರುವಾಗೋದು ಹೇಗೆ ಅಂತ ಯಾರೂ ಹೇಳೋದಿಲ್ಲ. ಯಶೋಧರನ ಅಪ್ಪ ಯಶೌಘ ತನ್ನ ತಲೆಯಲ್ಲಿ ಒಂದು ನರೆಗೂದಲು ಕಾಣ್ತಾನೆ. ಸಾಕು ಅಂತಾನೆ. ಮಗನಿಗೆ ಪಟ್ಟ ಕಟ್ಟಿ ತಪಸ್ಸಿಗೆ ಹೋಗ್ತಾನೆ. ಆ ಒಂದು ಕೂದಲು ಹುಟ್ಟದೇ ಇದ್ದಿದ್ರೆ ಯಶೋಧರ ರಾಜ ಆಗ್ತಿರಲಿಲ್ಲ, ಮುಂದಿನ ಕಥೆ ಹಾಗೇ ನಡೀತಿರಲಿಲ್ಲ.

ಕಾಳಿದಾಸನೂ ಇದನ್ನೇ ಹಿಡಿದ. ರಘುವಂಶದ 12ನೇ ಸರ್ಗದಲ್ಲಿ ಮುಪ್ಪು ಬಿಳಿ ಕೂದಲಿನ ವೇಷ ಹಾಕಿ ದಶರಥನ ಕಿವಿ ಹತ್ತಿರ ಬರ್ತದೆ, ರಾಮನಿಗೆ ರಾಜ್ಯ ಕೊಡು ಅಂತ ಪಿಸುಗುಡ್ತದೆ. ಜೋರಾಗಿ ಹೇಳೋಕೆ ಕೈಕೇಯಿಯ ಹೆದರಿಕೆ ಅಂತೆ. ನನಗೆ ಇದು ಬಹಳ ಇಷ್ಟ ಆಯ್ತು, ಯಾಕಂದ್ರೆ ನನ್ನದೂ ಕಿವಿ ಹಿಂದೇನೇ ಬಂದದ್ದು. ನನಗೇನೂ ಪಿಸುಗುಟ್ಟಿಲ್ಲ ಇನ್ನೂ.

ಬೌದ್ಧರಾಗಲಿ ಜೈನರಾಗಲಿ ಕಾಳಿದಾಸನಾಗಲಿ, ಲೆಕ್ಕ ಒಂದೇ. ಬಿಳಿ ಕೂದಲು ಅಂದ್ರೆ ನೋಟಿಸ್. ಕುರ್ಚಿ ಮೇಲೆ ಕೂತವನಿಗೆ, ಏಳು ಅಂತ.

ಭಾಗ 5

ಕಥೆಯ ರಾಜರು ಎದ್ದರು. ಇತಿಹಾಸದವರು?

ಅಮೋಘವರ್ಷ ನೃಪತುಂಗನಿಂದ ಶುರು ಮಾಡೋಣ, ಕವಿರಾಜಮಾರ್ಗದ ಹೆಸರಿನ ಜೊತೆ ಬರೋ ನೃಪತುಂಗ. 814ರಲ್ಲಿ ಇನ್ನೂ ಹುಡುಗ ಇದ್ದಾಗ ಪಟ್ಟಕ್ಕೆ ಬಂದ. ಸುಮಾರು 64 ವರ್ಷ ಆಳಿದ. 'ಪ್ರಶ್ನೋತ್ತರ ರತ್ನಮಾಲಿಕೆ' ಅನ್ನೋ ಪುಟ್ಟ ಸಂಸ್ಕೃತ ಕೃತಿಯ ಕೊನೆಯಲ್ಲಿ, ವಿವೇಕದಿಂದ ರಾಜ್ಯ ಬಿಟ್ಟ ಅಮೋಘವರ್ಷ ಬರೆದದ್ದು ಅನ್ನೋ ಅರ್ಥದ ಮಾತಿದೆ. ಬಿಟ್ಟದ್ದು ದೊಡ್ಡದೇ. ಆದ್ರೆ ಲೆಕ್ಕ ಹಾಕಿ ನೋಡಿ. 64 ವರ್ಷ ಆಳಿದವನಿಗೆ ಮೊದಲ ಬಿಳಿ ಕೂದಲು ಬಂದು ಎಷ್ಟು ದಶಕ ಆಗಿರಬೇಕು? ನೋಟಿಸ್ ಬಂದಿರ್ತದೆ, ಇವನು ರಿಪ್ಲೈ ಮಾಡೋಕೆ ಟೈಮ್ ತಗೊಂಡ.

ಟೈಮೇ ಕೊಡದವರೂ ಇದ್ರು. ಅಳಿಯ ರಾಮರಾಯ. ವಿಜಯನಗರದ ಸಿಂಹಾಸನದ ಮೇಲೆ ಹೆಸರಿಗೆ ಸದಾಶಿವರಾಯ, ಅಧಿಕಾರ ಪೂರ್ತಿ ರಾಮರಾಯನ ಕೈಯಲ್ಲಿ. ನಮ್ಮ ರಾಯಚೂರು ದೋಆಬ್‌ಗಾಗಿ ಬಹಮನಿಗಳು, ವಿಜಯನಗರ, ಬಿಜಾಪುರ ಎಷ್ಟು ಸಲ ಬಡಿದಾಡಿದ್ರು ಅಂತ ಕೋಟೆ ಸೀರೀಸ್‌ನಾಗ ಹೇಳಿದ್ದೆ. 1520ರಲ್ಲಿ ಕೃಷ್ಣದೇವರಾಯ ಇಲ್ಲೇ ಗೆದ್ದಿದ್ದ. 1565ರ ಜನವರಿ 23ರಂದು, ಕೃಷ್ಣೆಯ ಆಚೆ ರಕ್ಕಸಗಿ-ತಂಗಡಗಿ ಹತ್ತಿರ ದೊಡ್ಡ ಯುದ್ಧ ಆದಾಗ ರಾಮರಾಯನಿಗೆ 80ರ ಆಸುಪಾಸು. ಪೋರ್ಚುಗೀಸ್ ಲೇಖಕ ಕೌಟೊ 96 ಅಂತ ಬರೆದಿದ್ದಾನೆ, ಅದು ಜಾಸ್ತಿ ಆಯ್ತು. ಪಲ್ಲಕ್ಕಿಯಲ್ಲಿ ಕೂತು ಯುದ್ಧ ನಡೆಸಿದ. ಸೆರೆ ಸಿಕ್ಕ. ಅಹ್ಮದ್‌ನಗರದ ಹುಸೇನ್ ನಿಜಾಮ್ ಶಾಹ ಅವನ ತಲೆ ಕಡಿಸಿದ. ರಾಯಚೂರು, ಮುದಗಲ್ಲು ಬಿಜಾಪುರದ ಪಾಲಾದವು.

ತಲೆ ಪೂರ್ತಿ ಹಣ್ಣಾದ ಮನುಷ್ಯ ಇಳಿಯಲಿಲ್ಲ. ಇಳಿದಿದ್ರೆ ಯುದ್ಧ ನಿಲ್ಲತಿತ್ತು ಅಂತ ನಾನು ಹೇಳೋದಿಲ್ಲ, ಸುಲ್ತಾನರಿಗೂ ಅವರದೇ ಲೆಕ್ಕ ಇತ್ತು. ಆದ್ರೆ ಮಖಾದೇವ, ಯಶೌಘರ ಕಥೆ ಅಷ್ಟು ಸಲ ಯಾಕೆ ಬರೆದ್ರು ಅನ್ನೋದು ರಾಮರಾಯನ್ನ ಓದಿದ ಮೇಲೆ ಗೊತ್ತಾಯ್ತು. ಎಲ್ಲರೂ ಹಾಗೆ ಮಾಡ್ತಿದ್ರೆ ಯಾರೂ ಬರೀತಿರಲಿಲ್ಲ.

ಇವರ ನಡುವೆ ಒಬ್ಬರು ಮಾತ್ರ ಲೆಕ್ಕವನ್ನೇ ತಿರುಗಿಸಿದ್ರು, ಬಸವಣ್ಣ. 12ನೇ ಶತಮಾನ, ಕಲ್ಯಾಣ, ಬಿಜ್ಜಳನ ಭಂಡಾರಿ. ಖಜಾನೆ ಲೆಕ್ಕ ನೋಡ್ತಿದ್ದವರು, ಅಂದ್ರೆ ನಮ್ಮ ಕಾಮರ್ಸ್‌ನವರು. ಅವರ ಒಂದು ಪ್ರಸಿದ್ಧ ವಚನ ಮುಪ್ಪಿನ ಗುರುತುಗಳನ್ನ ಒಂದೊಂದಾಗಿ ಎಣಿಸ್ತದೆ, ಮೊದಲಿಗೇ ಬರೋದು ನೆರೆ. ಅದೆಲ್ಲ ಬರೋ ಮುಂಚೆ ಕೂಡಲಸಂಗನನ್ನ ಪೂಜಿಸು ಅಂತಾರೆ. ರಾಜನಿಗೆ ಹೇಳಿದ್ದಲ್ಲ, ಯಾರಿಗಾದ್ರೂ ಹೇಳಿದ್ದು. ರಾಜರ ಕಥೆಯಲ್ಲಿ ಕೂದಲು ಬಂದ ಮೇಲೆ ಕೆಲಸ ಶುರು. ಬಸವಣ್ಣನವರಲ್ಲಿ ಅದು ಲಾಸ್ಟ್ ಡೇಟ್.

ನನ್ನ ಲಾಸ್ಟ್ ಡೇಟ್ 20ಕ್ಕೇ ಬಂತು ಅಂತ ನಗಬೇಡಿ.

ಭಾಗ 6

ಮಾನ್ವಿಯಲ್ಲಿ ನಮ್ಮ ಅಜ್ಜಿ ಇದ್ದಾಳೆ, ಅವ್ವನ ಅವ್ವ. ತಲೆ ಬೆಳ್ಳಗೆ ಹತ್ತಿ ಬಿಡಿಸಿದಂಗೆ. ಅವ್ವ ಯಾರ ಮುಂದೂ ಹೇಳಬ್ಯಾಡ ಅಂದಿದ್ದಳು, ನಾನು ಬಸ್ ಹತ್ತಿ ಸೀದಾ ಅಜ್ಜಿ ಹತ್ತಿರ ಹೋಗಿ ಹೇಳಿದೆ. ಅಜ್ಜಿ ನನ್ನ ತಲೆ ನೋಡಲೂ ಇಲ್ಲ. "ಆಯುಷ್ಯ ಅಂಬೋದು ಕೂದಲಾಗ ಇರ್ತದೇನು? ಇಲ್ಲೇ ಗುಡಿಯಾಗ ಕೇಳು, ಒಬ್ರ ಆಯುಷ್ಯ ಒಬ್ರು ಕೊಟ್ಟಾರ" ಅಂದಳು.

ಗುಡಿ ಅಂದ್ರೆ ಜಗನ್ನಾಥದಾಸರದು. ಅವರ ಮೊದಲ ಹೆಸರು ಶ್ರೀನಿವಾಸಾಚಾರ್ಯ, ಊರು ಮಾನ್ವಿ ತಾಲ್ಲೂಕಿನ ಬ್ಯಾಗವಾಟ. ದೊಡ್ಡ ಪಂಡಿತ, ಕನ್ನಡದಲ್ಲಿ ಹಾಡೋ ದಾಸರನ್ನ ಕಂಡ್ರೆ ಸಸಾರ. ಇದೇ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು ಊಟಕ್ಕೆ ಕರೆದಾಗ ಅವಮಾನ ಮಾಡಿದ್ರಂತೆ. ಆಮೇಲೆ ಹೊಟ್ಟೆಬೇನೆ ಹಿಡಿದು ಸಾಯೋ ಸ್ಥಿತಿ. ವಿಜಯದಾಸರ ಕಾಲಿಗೆ ಬಿದ್ದಾಗ ಅವರು ತಮ್ಮ ಶಿಷ್ಯ ಗೋಪಾಲದಾಸರ ಹತ್ತಿರ ಕಳಿಸಿದ್ರು. ಗೋಪಾಲದಾಸರು ಹುಟ್ಟಿದ್ದು ನಮ್ಮ ದೇವದುರ್ಗ ತಾಲ್ಲೂಕಿನ ಮೊಸರುಕಲ್ಲಿನಲ್ಲಿ. ಆಗ ಇದ್ದದ್ದು ಉತ್ತನೂರಿನಲ್ಲಿ, ಈಗ ಅದು ತೆಲಂಗಾಣದ ಗದ್ವಾಲ ಕಡೆ. ಗುರು ಹೇಳಿದ್ರು ಅಂತ ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷ ತೆಗೆದು ಆ ರೋಗಿಗೆ ಕೊಟ್ರು. ಇದು ದಾಸರ ಪರಂಪರೆ ಹೇಳೋ ಕಥೆ.

ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಇಸವಿಗಳು ಮಾತ್ರ ಹೀಗಿವೆ: ಗೋಪಾಲದಾಸರು 1762ರಲ್ಲಿ, 40ರ ಆಸುಪಾಸಿನಲ್ಲಿ ತೀರಿಹೋದ್ರು. ಜಗನ್ನಾಥದಾಸರು 80 ದಾಟಿ 1809ರ ತನಕ ಬದುಕಿದ್ರು. ಕನ್ನಡ ಅಂದ್ರೆ ಮೂಗು ಮುರೀತಿದ್ದವರು ಆ ಉಳಿದ ವರ್ಷಗಳಲ್ಲಿ ಕನ್ನಡ ಭಾಮಿನಿ ಷಟ್ಪದಿಯಲ್ಲಿ 'ಹರಿಕಥಾಮೃತಸಾರ' ಬರೆದ್ರು.

ನನ್ನ ತಲೆಗೆ ಬಂದದ್ದು ಜರ್ನಲ್ ಎಂಟ್ರಿ. ಜಗನ್ನಾಥದಾಸರ ಖಾತೆಗೆ 40 ವರ್ಷ ಜಮಾ, ಗೋಪಾಲದಾಸರ ಖಾತೆಗೆ ಖರ್ಚು. ಷರಾ: ಗುರುವಿನ ಆಜ್ಞೆ ಮೇರೆಗೆ. ಅಜ್ಜಿಗೆ ಹೇಳಿದ್ರೆ "ನಿನ್ನ ಓದಿಗೆ ಬೆಂಕಿ ಹಚ್ಚಲಿ" ಅಂದು ನಕ್ಕಳು.

ಇದಕ್ಕೆ ಪೂರ್ತಿ ಉಲ್ಟಾ ಕಥೆ ಯಯಾತಿಯದು. ಅಲ್ಲಿ ಅಪ್ಪ ತನ್ನ ಮುಪ್ಪನ್ನ ಮಗ ಪುರುವಿಗೆ ಕೊಟ್ಟು ಮಗನ ಯೌವನ ತಗೋತಾನೆ. ಗಿರೀಶ ಕಾರ್ನಾಡರ 'ಯಯಾತಿ' ನಾಟಕ ಅಚ್ಚಾದದ್ದು 1961ರಲ್ಲಿ, ಆಗ ಅವರಿಗೆ 23. ನಮಗಿಂತ ಮೂರು ವರ್ಷ ದೊಡ್ಡವರು ಅಷ್ಟೇ. ಮಹಾಭಾರತದಲ್ಲಿ ಮಗ ಒಪ್ಪಿದ, ಒಳ್ಳೆಯ ಮಗ ಅಂತ ಮುಗೀತದೆ. ಆ 23ರ ಹುಡುಗ ಆ ಮಗನಿಗೆ ಹೆಂಡತಿ ಕೊಟ್ಟು, ಹಿಂಗೆ ಮುದುಕನಾಗಿ ಬಂದ ಗಂಡನ ಎದುರು ಅವಳನ್ನ ನಿಲ್ಲಿಸಿದ. ನಾಟಕ ಓದಿದ ರಾತ್ರಿ ನಿದ್ದೆ ಬರಲಿಲ್ಲ ನನಗೆ.

ಭಾಗ 7

ನಿದ್ದೆ ಬರದ ಕಾರಣ ಹೇಳ್ತೀನಿ. ಮಾನ್ವಿಯಿಂದ ವಾಪಸ್ ಬಂದ ದಿನ ಅತ್ತಿ ಮನೆಗೆ ಬಂದಿದ್ದಳು. ಅವ್ವ ಯಾರ ಮುಂದೂ ಹೇಳಬ್ಯಾಡ ಅಂದವಳು ಅತ್ತಿ ಮುಂದೆ ತಾನೇ ಹೇಳಿದ್ದಳು. ಅತ್ತಿ ಅಂದಳು: "ಡಿಗ್ರಿ ಮುಗಿಯಾಕ ಬಂತು. ನೋಡಾಕ ಬರೋರು ಬರ್ತಾರ. ಈಗಿಂದ ಕಪ್ಪು ಹಚ್ಚಾಕ ಶುರು ಮಾಡು."

ನನಗೆ ಎಂಕಾಂ ಮಾಡಬೇಕು ಅಂತ ಇದೆ. ಮನೆಯಲ್ಲಿ ಹೂಂ ಅಂದಿಲ್ಲ, ಉಹೂಂ ಅಂತಲೂ ಅಂದಿಲ್ಲ. ಮೂರು ಕೂದಲು ಬಂದು ತಕ್ಕಡಿಯ ಆ ಕಡೆ ಕೂತವು. ರಾಜನಿಗೆ ಬಿಳಿ ಕೂದಲು ಬಂದ್ರೆ ರಾಜ್ಯ ಬಿಡು ಅಂತಾರೆ. ಹುಡುಗಿಗೆ ಬಂದ್ರೆ ಲಗೂನ ಲಗ್ನ ಮಾಡ್ಕೋ ಅಂತಾರೆ. ಇಬ್ಬರಿಗೂ ಹೇಳೋದು ಜಾಗ ಖಾಲಿ ಮಾಡು ಅಂತಲೇ, ಆದ್ರೆ ರಾಜ ಮುಚ್ಚಿಡಲಿಲ್ಲ. ನಾನು ಮುಚ್ಚಿಡಬೇಕು.

ಮುಚ್ಚಿಡೋದೂ ಹೊಸದಲ್ಲ ಬಿಡಿ. 6ನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಸುಗಂಧದ ಅಧ್ಯಾಯ ಶುರು ಮಾಡೋದೇ ಕೂದಲಿಗೆ ಬಣ್ಣ ಹಚ್ಚೋದರಿಂದ. ತಲೆ ಬೆಳ್ಳಗಾದವನಿಗೆ ಹೂವು, ಒಡವೆ, ಬಟ್ಟೆ ಯಾವುದೂ ಒಪ್ಪೋದಿಲ್ಲ ಅಂತ ಅವನ ಅಭಿಪ್ರಾಯ. (ನಮ್ಮ ಅಜ್ಜಿಯನ್ನ ಇಳಕಲ್ ಸೀರೆಯಲ್ಲಿ ನೋಡಿದ್ರೆ ಅವನು ಹಾಗೆ ಬರೀತಿರಲಿಲ್ಲ.) ಅವನು ಕೊಟ್ಟ ವಿಧಾನ: ಹಾರಕದ ಅಕ್ಕಿಯನ್ನ ಹುಳಿಯಲ್ಲಿ ಕಬ್ಬಿಣದ ಪಾತ್ರೆಯಲ್ಲಿ ಬೇಯಿಸು, ಕಬ್ಬಿಣದ ಪುಡಿ ಸೇರಿಸಿ ಅರೆದು ತಲೆಗೆ ಮೆತ್ತು, ಎಲೆ ಸುತ್ತಿಕೊಂಡು ಕೂಡು, ಆಮೇಲೆ ನೆಲ್ಲಿಕಾಯಿ. ನಮ್ಮ ಮನೆಗಳಲ್ಲಿ ಮದರಂಗಿ ಪುಡಿಯನ್ನ ಚಹಾ ಡಿಕಾಕ್ಷನ್ ಹಾಕಿ ಕಬ್ಬಿಣದ ಬಾಣಲೆಯಲ್ಲಿ ರಾತ್ರಿಯಿಡೀ ನೆನೆಸ್ತಾರಲ್ಲ, ಅಲ್ಲೂ ಅದೇ ಕೆಮಿಸ್ಟ್ರಿ. ಚಹಾದ ಒಗರು, ನೆಲ್ಲಿಯ ಒಗರು ಕಬ್ಬಿಣದ ಜೊತೆ ಕೂಡಿದ್ರೆ ಕಪ್ಪು.

ಬರೀ ಮದರಂಗಿ ಕಪ್ಪು ಮಾಡೋದಿಲ್ಲ, ಕೆಂಪು ಮಾಡ್ತದೆ. ತೀನ್ ಕಂದೀಲ್ ಹತ್ತಿರ ಸಂಜೆ ನಿಂತ್ರೆ ಮದರಂಗಿ ಹಚ್ಚಿದ ಕೆಂಪು ಗಡ್ಡದ ಅಜ್ಜಂದಿರು ಕಾಣ್ತಾರೆ. ಅವರದು ಮುಚ್ಚಿಡೋದಲ್ಲ, ನನಗೆ ವಯಸ್ಸಾಗಿದೆ ಅಂತ ಬಣ್ಣ ಹಚ್ಚಿ ಹೇಳೋದು.

ಪ್ಯಾಕೆಟ್‌ನ ಕಡುಕಪ್ಪು ಬಂದದ್ದು ಆಮೇಲೆ. 1907ರಲ್ಲಿ ಪ್ಯಾರಿಸ್‌ನ ಯೂಜೆನ್ ಶೂಲರ್ ಅನ್ನೋ ಕೆಮಿಸ್ಟ್ ಕೂದಲ ಬಣ್ಣ ತಯಾರಿಸಿದ, 1909ರಲ್ಲಿ ಕಂಪನಿ ಮಾಡಿದ, ಅದೇ ಮುಂದೆ ಲೊರಿಯಲ್. ಕಪ್ಪು ಬಣ್ಣದ ಹಿಂದೆ ಸಾಮಾನ್ಯವಾಗಿ ಇರೋದು ಪಿಪಿಡಿ ಅನ್ನೋ ರಾಸಾಯನಿಕ. ಕೆಲವರಿಗೆ ಜೋರು ಅಲರ್ಜಿ ಆಗ್ತದೆ, ತುರಿಕೆ, ಮುಖ ಬಾವು. 'ಕಪ್ಪು ಮೆಹಂದಿ' ಅಂತ ಮಾರೋದರಲ್ಲೂ ಬಹಳ ಸಲ ಇರೋದು ಅದೇ. ಹಚ್ಚೋರು ಮೊದಲು ಮೊಣಕೈ ಒಳಗೆ ಸ್ವಲ್ಪ ಹಚ್ಚಿ ಎರಡು ದಿನ ನೋಡಿ. ಸಿಂಪಲ್.

ಭಾಗ 8

ಡಿಎಂನಲ್ಲಿ ಬಂದ ಪ್ರಶ್ನೆಗಳಿಗೆ ಬೇಗ ಬೇಗ ಉತ್ತರ.

ಕಿತ್ತರೆ ಹೆಚ್ಚಾಗ್ತಾವಾ? ಇಲ್ಲ. ಒಂದು ಬುಡದ ಬಣ್ಣ ಪಕ್ಕದ ಬುಡಕ್ಕೆ ಗೊತ್ತಾಗೋದಿಲ್ಲ. ಆದ್ರೆ ಕೀಳಬೇಡಿ, ಬುಡ ಹಾಳಾಗ್ತದೆ.

20ಕ್ಕೆ ಬರೋದು ರೋಗಾನಾ? ನಮ್ಮ ಏಷ್ಯಾದವರಿಗೆ 25ರ ಒಳಗೆ ಬಂದ್ರೆ ಡಾಕ್ಟರು ಅಕಾಲ ನೆರೆ ಅಂತಾರೆ. ಬಹಳ ಮಂದಿಗೆ ಮನೆತನದಿಂದ ಬರ್ತದೆ. ಕೆಲವರಿಗೆ ಬಿ12 ಕಡಿಮೆ, ಥೈರಾಯ್ಡ್, ಕಬ್ಬಿಣದ ಕೊರತೆ. ನಾನು ರಕ್ತ ಪರೀಕ್ಷೆ ಮಾಡಿಸಿದೆ, ಬಿ12 ಕಡಿಮೆ ಬಂತು. ಅದಕ್ಕೆ ಔಷಧಿ ನಡೆದಿದೆ. ಕೂದಲು ಕಪ್ಪಾಗ್ತದೆ ಅಂತ ಡಾಕ್ಟರು ಗ್ಯಾರಂಟಿ ಕೊಡಲಿಲ್ಲ, ಸುಸ್ತು ಕಡಿಮೆ ಆಗ್ತದೆ ಅಂದ್ರು. ಆಗ್ಯಾದ.

ಟೆನ್ಷನ್‌ನಿಂದ ಬರ್ತದಾ? ಕೂದಲ ಬುಡದಲ್ಲಿ ಬಣ್ಣ ಮಾಡೋ ಕೋಶಗಳ ಸ್ಟಾಕ್ ಇರ್ತದೆ. 2020ರಲ್ಲಿ ಹಾರ್ವರ್ಡ್‌ನವರು ಇಲಿಗಳಲ್ಲಿ ತೋರಿಸಿದ್ರು: ಒತ್ತಡ ಬಂದಾಗ ನರಗಳು ಆ ಸ್ಟಾಕನ್ನ ಒಮ್ಮೆಲೇ ಖರ್ಚು ಮಾಡಿಸ್ತಾವೆ, ಆಮೇಲೆ ತುಂಬೋದಿಲ್ಲ. 2021ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು 14 ಮಂದಿಯ ಕೂದಲು ನೋಡಿದ್ರು. ಒಬ್ಬರು ರಜೆಗೆ ಹೋದಾಗ ಐದು ಬಿಳಿ ಕೂದಲು ತಿರುಗಿ ಕಪ್ಪಾಗಿದ್ದವು. ಐದೇ. ಅವ್ವನಿಗೆ ಇದನ್ನ ಓದಿ ಹೇಳಿ, ಗೋವಾಕ್ಕೆ ಕಳಿಸು ಅಂದೆ. ಮಾನ್ವಿಗೆ ಹೋಗಿ ಬಂದೀಯಲ್ಲ ಅಂದಳು.

ಭಾಗ 9, ಕೊನೇದು

ಅಪ್ಪನ ಬಗ್ಗೆ ಹೇಳದೇ ಮುಗಿಸಬಾರದು.

ಅಪ್ಪ ರಾಯಚೂರು ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ಗುಮಾಸ್ತ. ಹತ್ತಿ ಸೀಸನ್ ಬಂತು ಅಂದ್ರೆ ರಾತ್ರಿ ಮನೆಗೇ ಬರೋದಿಲ್ಲ, ಬಂದ್ರೂ ಮೀಸೆ ಮೇಲೆ ಹತ್ತಿ ಎಳೆ. 48 ವರ್ಷ. ನಾನು ಬುದ್ಧಿ ಬಂದಾಗಿಂದ ನೋಡ್ತಿದೀನಿ, ಅಪ್ಪನ ತಲೆ ಕಾಗೆಗಿಂತ ಕಪ್ಪು. 15 ದಿನಕ್ಕೊಮ್ಮೆ ಭಾನುವಾರ ಬಚ್ಚಲ ಮುಂದೆ ಸ್ಟೀಲ್ ಬಟ್ಟಲು, ಹಳೇ ಹಲ್ಲುಜ್ಜೋ ಬ್ರಷ್, ಹೆಗಲ ಮೇಲೆ ಹರಕು ಟವೆಲ್. ಅಪ್ಪಗೆ ಶೋಕಿ ಅಂತ ನಾನೂ ತಮ್ಮನೂ ನಗ್ತಿದ್ವಿ.

ಈ ಭಾನುವಾರ ನಾನೇ ಹೋಗಿ ಹೇಳಿದೆ. "ಅಪ್ಪಾ, ನನ್ನ ತಲ್ಯಾಗ ಬಿಳೇವು ಬಂದಾವ."

ಬ್ರಷ್ ಕೆಳಗಿಟ್ಟು ನೋಡಿದ. "ನಂದೂ ಅಲ್ಲೇ ಬಂದಿದ್ವು. ಬಲಗಿವಿ ಹಿಂದ."

"ಯಾವಾಗ?"

"ನೆರೆ ಬಂದ ವರ್ಷ. ನೀ ಸಣ್ಣಾಕಿ. ಹೊಳಿ ದಂಡಿ ಊರಿನ ರೈತರ ಮಾಲೆಲ್ಲ ತೊಯ್ದು ಹೋಗಿತ್ತು. ಅಂಗಡಿಯಾಗಿಂದ ಕೊಟ್ಟ ಮುಂಗಡ ವಸೂಲಿ ಆಗಲಿಲ್ಲ. ಇಬ್ಬರು ಗುಮಾಸ್ತರಿದ್ವಿ, ಒಬ್ಬನ್ನ ತೆಗಿಬೇಕಿತ್ತು. ಇನ್ನೊಬ್ಬ ನನಗಿಂತ ದೊಡ್ಡಾಂವ, ತಲಿ ಪೂರ್ತಿ ಹಣ್ಣಾಗಿತ್ತು. ಅವನ್ನ ತೆಗೆದ್ರು."

ಸ್ವಲ್ಪ ಹೊತ್ತು ಸುಮ್ಮನಿದ್ದ.

"ಮರುದಿನ ಕಪ್ಪು ಪ್ಯಾಕೇಟ್ ತಂದೆ."

ಆಗ ಅಪ್ಪನಿಗೆ ಎಷ್ಟು ವಯಸ್ಸು ಅಂತ ಲೆಕ್ಕ ಹಾಕಿದೆ. 32. ನನ್ನ ಸೀರೀಸ್‌ನ ಯಾವ ರಾಜನ ಕಥೆಯಲ್ಲೂ ಇದು ಸಿಗಲಿಲ್ಲ. ಅಲ್ಲಿ ಬಿಳಿ ಕೂದಲು ಬಂದವನು ತಾನೇ ರಾಜ್ಯ ಬಿಡ್ತಾನೆ, ಬಿಡೋಕೆ ರಾಜ್ಯ ಇರ್ತದೆ. ತೆಗೆದುಹಾಕಿದ ಆ ಗುಮಾಸ್ತ ಮುಂದೆ ಏನು ಮಾಡಿದ ಅಂತ ಕೇಳಿದೆ. "ಮಸ್ಕಿ ಕಡೆ ಹೋದ ಅಂತ ಕೇಳಿದ್ದೆ" ಅಂದ ಅಪ್ಪ, ಅಷ್ಟೇ.

ಆಮೇಲೆ ಬ್ರಷ್ ನನ್ನ ಕೈಗೆ ಕೊಟ್ಟು ತಿರುಗಿ ಕೂತ. "ಹಿಂದ ನಂಗ ಕಾಣಂಗಿಲ್ಲ, ಹಚ್ಚವ್ವ." ಹಚ್ಚಿದೆ. ಕಿವಿ ಹಿಂದೆ, ಕತ್ತಿನ ಮೇಲೆ, ಕೂದಲ ಬುಡದಲ್ಲಿ ಎರಡು ವಾರದ ಬಿಳಿ ಜೋಳದ ನುಚ್ಚಿನಂಗೆ ಎದ್ದಿತ್ತು. ಅಷ್ಟೊಂದು ಅಂತ ಗೊತ್ತೇ ಇರಲಿಲ್ಲ ನನಗೆ.

ಬಟ್ಟಲ ತಳದಲ್ಲಿ ಸ್ವಲ್ಪ ಉಳಿಯಿತು. ಅಪ್ಪ ಬಟ್ಟಲು ನೋಡಿದ, ನನ್ನನ್ನ ನೋಡಿದ.

"ಉಳದದ. ಬೇಕೇನವ್ವ?"

"ಬ್ಯಾಡಪಾ."

ಒಳಗಿಂದ ಅವ್ವ ಏನೋ ಅನ್ನೋಕೆ ಬಂದಳು. ಅಪ್ಪ ಕೈ ಎತ್ತಿ ಬೇಡ ಅಂದ. ನಳ ಬಿಟ್ಟು ಬಟ್ಟಲು ತೊಳೆದ. ಕಪ್ಪು ನೀರು ಹೋಗೋತನಕ ಇಬ್ಬರೂ ಅಲ್ಲೇ ನಿಂತಿದ್ವಿ. ಆಮೇಲೆ ಕೇಳಿದ: "ಆ ಎಂಕಾಂ ಫಾರ್ಮ್ ಯಾವಾಗ ಬಿಡ್ತಾರ?"